ಎರಡು ಮುಕ್ಕಾಲು ಲಕ್ಷದಿಂದ ಐದು ಲಕ್ಷದ ಅರವತ್ತು ಸಾವಿರಕ್ಕೆ: ಅಪಘಾತ ಪರಿಹಾರದಲ್ಲಿ ನನ್ನ ಅನುಭವ

ತುಮಕೂರಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ, ಸೀರೆಗೆ ಫಾಲ್, ಕುಚ್ಚು ಹಾಕುತ್ತೇನೆ. 2023ರ ಫೆಬ್ರವರಿಯಲ್ಲಿ ಗುಬ್ಬಿ ರಸ್ತೆಯಲ್ಲಿ ಆಟೋದಲ್ಲಿ ಹೋಗುವಾಗ ಹಿಂದಿನಿಂದ ಒಂದು ಕಾರು ಗುದ್ದಿತು. ಆಟೋ ಮಗುಚಿತು. ನನ್ನ ಬಲಗೈ ಮಣಿಕಟ್ಟಿನ ಹತ್ತಿರ ಮೂಳೆ ಎರಡು ಕಡೆ ಮುರಿಯಿತು. ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದರು. ಆಗ ನನಗೆ 38 ವರ್ಷ.

ಮಾರನೇ ದಿನವೇ ಕಾರಿನವರು ಆಸ್ಪತ್ರೆಗೆ ಬಂದರು. "ಕೇಸ್ ಬೇಡ ಅಕ್ಕ, 30,000 ಕೊಡ್ತೀವಿ, ಇಲ್ಲೇ ಮುಗಿಸೋಣ" ಅಂದರು. ನನ್ನ ತಮ್ಮ ಒಪ್ಪಲಿಲ್ಲ. ಅವತ್ತೇ ಸ್ಟೇಷನ್‌ಗೆ ಹೋಗಿ ದೂರು ಕೊಟ್ಟ. ಅವನು ಹಾಗೆ ಮಾಡದೇ ಇದ್ದಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ. ಎಫ್‌ಐಆರ್, ಸ್ಥಳ ಮಹಜರು, ಆಸ್ಪತ್ರೆಯ ಗಾಯದ ಸರ್ಟಿಫಿಕೇಟ್, ಕಾರಿನ ಡ್ರೈವರ್ ಮೇಲಿನ ಚಾರ್ಜ್‌ಶೀಟ್, ಇಷ್ಟೂ ಇದ್ದರೆ ಕಾರಿನ ಇನ್ಶೂರೆನ್ಸ್ ಕಂಪನಿ ಸುಲಭವಾಗಿ ಜಾರಿಕೊಳ್ಳಲು ಆಗುವುದಿಲ್ಲ. 2022ರ ಏಪ್ರಿಲ್ 1ರಿಂದ ಬಂದ ಕಾನೂನಿನಲ್ಲಿ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಇದೆ. ಕೈ ವಾಸಿಯಾಗಲಿ ಅಂತ ಕಾಯದೆ ಜೂನ್‌ನಲ್ಲೇ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿದೆವು.

ಕಂಪನಿಯವರು ಮೊದಲು ಹೇಳಿದ್ದು 2,75,000. ನನಗೆ ಅದೇ ದೊಡ್ಡದಾಗಿ ಕಂಡಿತ್ತು. ಆಸ್ಪತ್ರೆಗೇ 1,46,000 ಆಗಿತ್ತು, ಚಿನ್ನ ಅಡ ಇಟ್ಟಿದ್ದೆ. ಇನ್ನೇನು ಹೂಂ ಅನ್ನಬೇಕು, ನಮ್ಮ ವಕೀಲೆ ಮೇಡಂ ತಡೆದರು. "ಮೊತ್ತ ನೋಡಬೇಡಿ. ಅದನ್ನ ಹೇಗೆ ಲೆಕ್ಕ ಹಾಕಿದರು ಅಂತ ಕೇಳಿ" ಅಂದರು. ಆ ಒಂದು ಮಾತು ನನ್ನ ಕಣ್ಣು ತೆರೆಸಿತು.

ಲೆಕ್ಕ ಅಂಥಾ ಕಷ್ಟದ್ದಲ್ಲ. ತಿಂಗಳ ಆದಾಯವನ್ನು 12ರಿಂದ ಗುಣಿಸಬೇಕು. ಅದನ್ನು ವಯಸ್ಸಿಗೆ ತಕ್ಕ ಸಂಖ್ಯೆಯಿಂದ ಮತ್ತೆ ಗುಣಿಸಬೇಕು. 36ರಿಂದ 40 ವರ್ಷದವರಿಗೆ ಅದು 15. 2009ರಲ್ಲಿ ಸುಪ್ರೀಂ ಕೋರ್ಟ್ ಗೊತ್ತು ಮಾಡಿದ ಪಟ್ಟಿ ಅದು, ಅದರಲ್ಲಿ ಚೌಕಾಸಿಯೇ ಇಲ್ಲ. ಬಂದ ಮೊತ್ತದಲ್ಲಿ ನಮ್ಮ ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋಯಿತೋ ಅಷ್ಟು ಭಾಗ ನಮಗೆ ಸಿಗಬೇಕಾದದ್ದು. ಇದರ ಮೇಲೆ ಆಸ್ಪತ್ರೆ ಖರ್ಚು, ಕೆಲಸವಿಲ್ಲದೆ ಕೂತ ತಿಂಗಳುಗಳ ಆದಾಯ, ನೋವಿಗೆ, ಓಡಾಟಕ್ಕೆ, ಮುಂದೆ ಪ್ಲೇಟು ತೆಗೆಸುವುದಕ್ಕೆ ಬೇರೆ ಬೇರೆ.

ಕಂಪನಿ ನನ್ನ ಆದಾಯವನ್ನು ತಿಂಗಳಿಗೆ 8,000 ಅಂತ ಹಿಡಿದಿತ್ತು, ನಷ್ಟ ಶೇಕಡಾ 5 ಅಂತ. ಹಾಗೆ ಗುಣಿಸಿದರೆ ಬರುವುದು ಬರೀ 72,000. ನನ್ನ ಬಲಗೈಗೆ, ಮುಂದಿನ ಇಡೀ ದುಡಿಮೆಗೆ! ರಾತ್ರಿ ಆ ಹಾಳೆ ನೋಡುತ್ತಾ ಅತ್ತುಬಿಟ್ಟೆ.

ಆದಾಯದ ಸಾಲನ್ನು ಮೊದಲು ಹಿಡಿದೆವು. ನಾನು ಇನ್‌ಕಂ ಟ್ಯಾಕ್ಸ್ ಕಟ್ಟುವವಳಲ್ಲ. ಆದರೆ 2021ರಿಂದ ಅಳತೆ ಪುಸ್ತಕಗಳು ಇದ್ದವು. ಪ್ರತಿ ಪುಟದಲ್ಲೂ ತಾರೀಖು, ಅಳತೆ, ಪಿನ್ ಹಾಕಿದ ಬಟ್ಟೆ ತುಂಡು, ಕೂಲಿ, ಕೊಟ್ಟ ಅಡ್ವಾನ್ಸ್. ಅಂಗಡಿಯ ಕ್ಯೂಆರ್ ಕೋಡ್‌ಗೆ ಬಂದ ದುಡ್ಡಿನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದೆ. ಬಾಡಿಗೆ ಕರಾರು, ಟ್ರೇಡ್ ಲೈಸೆನ್ಸ್ ಕೊಟ್ಟೆ. 15,000 ಅಂತ ಕೇಳಿದೆವು.

ಆಮೇಲೆ ಶೇಕಡಾವಾರು. ಗೆಲುವೂ ಸೋಲೂ ಇರುವುದು ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಕೈಯ ಶಕ್ತಿ ಶೇಕಡಾ ಎಷ್ಟು ಹೋಗಿದೆ ಅಂತ ಡಾಕ್ಟರು ಬರೆಯುತ್ತಾರೆ. ಇಡೀ ದೇಹಕ್ಕೆ ಅಂತ ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ ಹಿಡಿಯುತ್ತಾರೆ. ಆದರೆ ನಿಜವಾಗಿ ನೋಡಬೇಕಾದದ್ದು ಆ ಗಾಯದಿಂದ ಆ ಮನುಷ್ಯನ ಕಸುಬಿಗೆ ಎಷ್ಟು ಪೆಟ್ಟು ಬಿತ್ತು ಅನ್ನುವುದು. 2010ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ: ಎಡಗೈ ಕಳೆದುಕೊಂಡ ಡ್ರೈವರ್‌ಗೋ ಬಡಗಿಗೋ ಆಗುವ ನಷ್ಟವೂ ಗುಮಾಸ್ತನಿಗೆ ಆಗುವ ನಷ್ಟವೂ ಒಂದೇ ಅಲ್ಲ.

ಅದಕ್ಕೇ ಅಂಗವೈಕಲ್ಯ ತಪಾಸಣೆಗೆ ಹೋದಾಗ ನನ್ನ ಕತ್ತರಿ, ಒಂದು ಮೀಟರ್ ಲೈನಿಂಗ್ ಬಟ್ಟೆ ತಗೊಂಡು ಹೋದೆ. ಆಪರೇಷನ್ ಮಾಡಿದ ಡಾಕ್ಟರ ಹತ್ತಿರವೇ ಹೋದೆ, ಬೇರೆಯವರು ಬರೆದುಕೊಟ್ಟರೆ ಕಂಪನಿ ತಕರಾರು ತೆಗೆಯುತ್ತದೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅವರ ಟೇಬಲ್ ಮೇಲೆ ಕತ್ತರಿಸಿ ತೋರಿಸಿದೆ. ಒಂದು ಗೇಣು ಹೋಗುವಷ್ಟರಲ್ಲಿ ಹೆಬ್ಬೆರಳ ಬುಡದಿಂದ ಮೊಣಕೈವರೆಗೆ ನೋವು ಎಳೆಯಿತು, ಕತ್ತರಿ ಕೈಯಿಂದ ಜಾರಿತು. ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಣಿಕಟ್ಟು ಎಷ್ಟು ತಿರುಗುತ್ತದೆ, ಹಿಡಿತ ಎಷ್ಟಿದೆ ಅಂತ ಅಳೆದರು. ಕೈಗೆ ಶೇಕಡಾ 36 ಅಂತ ಬರೆದು, ಕತ್ತರಿ ಹಿಡಿದು ಮಾಡುವ ಕೆಲಸಕ್ಕೆ ತೊಂದರೆ ಇದೆ ಅಂತಲೂ ಸೇರಿಸಿದರು. ಅದರ ಮೂರನೇ ಒಂದು ಭಾಗ 12. ಕಂಪನಿಯ 5ಕ್ಕೂ ಇದಕ್ಕೂ ಎಷ್ಟು ದೂರ, ಅಲ್ವಾ?

ಬಿಲ್‌ಗಳಲ್ಲಿ 22,000 ರೂಪಾಯಿಯವನ್ನು ಡಾಕ್ಟರ ಚೀಟಿ ಇಲ್ಲ ಅಂತ ಕಂಪನಿ ಹೊಡೆದುಹಾಕಿತ್ತು. ಚೀಟಿಗಳ ಫೋಟೋ ತಮ್ಮನ ಫೋನಿನಲ್ಲಿದ್ದವು, ಹಾಗಾಗಿ ಅಷ್ಟೂ ಉಳಿಯಿತು. ಫಿಸಿಯೋಥೆರಪಿಗೆ ಕೊಟ್ಟ 6,000ಕ್ಕೆ ಮಾತ್ರ ರಸೀದಿ ಕೇಳಿರಲಿಲ್ಲ. ಅದು ಹೋಯಿತು.

2024ರ ಜುಲೈನಲ್ಲಿ, ಕೇಸ್‌ಗಳನ್ನು ರಾಜಿಯಲ್ಲಿ ಮುಗಿಸುವ ರಾಷ್ಟ್ರೀಯ ಲೋಕ ಅದಾಲತ್ ಇತ್ತು. ಅದಕ್ಕೂ ಮುಂಚೆ ಎರಡು ಸಲ ಕೋರ್ಟಿನಲ್ಲಿ ಮಾತುಕತೆಗೆ ಕೂರಿಸಿದರು. ನಮ್ಮ ಲೆಕ್ಕ 6,55,000. ಕಂಪನಿಯ ಅಧಿಕಾರಿ ಹೊಸದೊಂದು ಮಾತು ತೆಗೆದರು. "ನೋಡಿ ಅಮ್ಮ, ಆಟೋದವನು ಇಂಡಿಕೇಟರ್ ಹಾಕದೆ ತಿರುಗಿಸಿದ್ದಾನೆ. ಅರ್ಧ ತಪ್ಪು ಅವನದು. ಅರ್ಧ ದುಡ್ಡು ಅವನ ಕಂಪನಿ ಹತ್ರ ಕೇಳಿ." ನಾನು ಹೆದರಿದೆ. ಮೇಡಂ ಹೆದರಲಿಲ್ಲ. ನಾನು ಪ್ರಯಾಣಿಕಳು, ಗಾಡಿ ಓಡಿಸಿದವಳಲ್ಲ. ಎರಡು ಗಾಡಿಯವರ ತಪ್ಪಿನಿಂದ ಮೂರನೆಯವರಿಗೆ ಪೆಟ್ಟಾದರೆ, ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಕೇಳಬಹುದು ಅಂತ 2015ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪಿನ ಪ್ರತಿ ಮುಂದಿಟ್ಟರು. ಆ ಮಾತು ಮತ್ತೆ ಬರಲಿಲ್ಲ.

ಅಳತೆ ಪುಸ್ತಕ ತಿರುವಿ ನೋಡಿದ ಮೇಲೆ ಅಧಿಕಾರಿ 13,000 ಆದಾಯಕ್ಕೆ ಬಂದರು, ಶೇಕಡಾ 12 ಒಪ್ಪಿದರು. ಅಲ್ಲಿಗೇ 2,80,800 ಆಯಿತು. ಬಿಲ್ ಪೂರ್ತಿ 1,46,000, ನಾಲ್ಕು ತಿಂಗಳ ಆದಾಯ 52,000. ಮಿಕ್ಕಿದ್ದಕ್ಕೆಲ್ಲ ಎಳೆದಾಡಿ, ಬಡ್ಡಿಯೂ ಸೇರಿ 5,60,000ಕ್ಕೆ ನಿಂತಿತು.

ಕೇಸ್ ನಡೆಸಿದ್ದರೆ ಇನ್ನೂ ಜಾಸ್ತಿ ಬರುತ್ತಿತ್ತೇನೋ. ಆದರೆ ಕಂಪನಿ ಹೈಕೋರ್ಟಿಗೆ ಹೋದರೆ ವರ್ಷಗಳೇ ಹಿಡಿಯುತ್ತವೆ. ಲೋಕ ಅದಾಲತ್‌ನಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ, ಅವರಿಗೂ ಇಲ್ಲ, ನಮಗೂ ಇಲ್ಲ. ಅದಕ್ಕೇ ಸಹಿ ಹಾಕುವ ಮುಂಚೆ ಮೊತ್ತ, ಬಡ್ಡಿ ಸೇರಿದೆಯೋ ಇಲ್ಲವೋ, ಎಷ್ಟು ದಿನದಲ್ಲಿ ಕಟ್ಟಬೇಕು, ಮೂರನ್ನೂ ಮೇಡಂ ಕನ್ನಡದಲ್ಲಿ ಓದಿ ಹೇಳುವವರೆಗೆ ನಾನು ಪೆನ್ನು ಮುಟ್ಟಲಿಲ್ಲ.

ದುಡ್ಡು ಬಂದ ವಾರ ಚಿನ್ನ ಬಿಡಿಸಿಕೊಂಡೆ. ಕಟಿಂಗ್‌ಗೆ ಒಬ್ಬ ಹುಡುಗಿಯನ್ನು ಇಟ್ಟುಕೊಂಡೆ, ಹೊಲಿಗೆ ನಾನೇ ಮಾಡುತ್ತೇನೆ. ಪ್ಲೇಟು ತೆಗೆಸಲು 25,000 ಬೇರೆ ಖಾತೆಯಲ್ಲಿ ಇಟ್ಟಿದ್ದೇನೆ. ಮದುವೆ ಸೀಸನ್ನಿನ ಬ್ಲೌಸ್‌ಗಳೆಲ್ಲ ಮುಗಿದ ಮೇಲೆ ಬನ್ನಿ ಅಂದಿದ್ದಾರೆ ಡಾಕ್ಟರು.