ಬೇಸ್ ಗಿಟಾರಿಗೆ ಮರ ಆರಿಸುವುದು ಹೇಗೆ? ಮೊದಲು ತೂಗಿ, ತಟ್ಟಿ, ಆಮೇಲೆ ಕೊಯ್ಯಿರಿ

ತುಮಕೂರಿನ ಸಾಮಿಲ್‌ಗಳಲ್ಲಿ ಹಲಸು, ತೇಗ, ಸಿಲ್ವರ್ ಓಕ್, ಬೇವು ಸಿಗುತ್ತವೆ. ಕೋಲಾರ, ಶ್ರೀನಿವಾಸಪುರದ ಕಡೆ ಇವುಗಳ ಜೊತೆಗೆ ಮಾವೂ ಧಾರಾಳ. ಆದರೂ ಬೇಸ್ ಗಿಟಾರ್ ಮಾಡಿಸಬೇಕೆಂದು ಹೊರಟವರು ಆಲ್ಡರ್, ಆ್ಯಶ್ ಎಂದು ದುಬಾರಿ ಆಮದು ಮರವನ್ನೇ ಹುಡುಕುತ್ತಾರೆ. 1951ರಲ್ಲಿ ಅಮೆರಿಕದ ಫೆಂಡರ್ ಕಂಪನಿ ಪ್ರಿಸಿಷನ್ ಬೇಸ್ ಹೊರತಂದಾಗ ಗಿಟಾರಿನ ಒಡಲಿಗೆ, ಎಂದರೆ ಬಾಡಿಗೆ, ಆ್ಯಶ್ ಬಳಸಿತ್ತು; ಬೆರಳಾಡಿಸುವ ಉದ್ದನೆಯ ಕತ್ತಿಗೆ, ಎಂದರೆ ನೆಕ್‌ಗೆ, ಮೇಪಲ್. ಆ ದಶಕದ ಮಧ್ಯದಲ್ಲಿ ಆಲ್ಡರ್ ಬಂತು. ಇವೆಲ್ಲ ಅಮೆರಿಕದಲ್ಲೇ ಬೆಳೆಯುವ, ಅಲ್ಲಿ ಸುಲಭವಾಗಿ ಸಿಗುತ್ತಿದ್ದ ಮರಗಳು. ನಮ್ಮಲ್ಲಿ ಸಿಗುವ ಮರದಲ್ಲೂ ಒಳ್ಳೆಯ ಬೇಸ್ ಆಗುತ್ತದೆ. ಆದರೆ ಮರದ ಜಾತಿ ಕೇಳಿ ದುಡ್ಡು ಕೊಡಬೇಡಿ, ಕೈಯಲ್ಲಿರುವ ಹಲಗೆಯನ್ನೇ ಪರೀಕ್ಷಿಸಿ.

ಮರ ನಾದಕ್ಕೆ ಮಾಡುವುದೇನು?

ತಂತಿಗಳ ಕೆಳಗೆ ಕೂತ, ಅಯಸ್ಕಾಂತವಿರುವ ಪಿಕಪ್ ಹಿಡಿಯುವುದು ತಂತಿಯ ಅಲುಗಾಟವನ್ನು, ಮರದ ಸದ್ದನ್ನಲ್ಲ. ತಂತಿ, ಪಿಕಪ್, ಅದು ಕೂತಿರುವ ಜಾಗ, ಬೆರಳು, ಆಂಪ್ಲಿಫೈಯರ್ ಇವುಗಳ ಪಾಲೇ ದೊಡ್ಡದು. ಮರದ ಕೆಲಸ ಬೇರೆ. ತಂತಿಯ ಎರಡು ತುದಿಗಳನ್ನು ಅದು ಎಷ್ಟು ಗಟ್ಟಿಯಾಗಿ ಹಿಡಿದಿದೆ ಎಂಬುದರ ಮೇಲೆ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ನಿರ್ಧಾರವಾಗುತ್ತದೆ. ಬಾಡಿ ದಪ್ಪ, ಅಲ್ಲಾಡುವುದು ಕಡಿಮೆ. ನೆಕ್ ಉದ್ದ, ಸಣ್ಣ. ಅಲ್ಲಾಡುವುದು ಅದೇ. ಹಾಗಾಗಿ ನೆಕ್‌ನ ಮರವನ್ನು ಗಡಸುತನ ನೋಡಿ ಆರಿಸಿ, ಬಾಡಿಯ ಮರವನ್ನು ತೂಕ ಮತ್ತು ಅಂದ ನೋಡಿ ಆರಿಸಿ.

‘ವೀಣೆಗೆ ಹಲಸು, ಹಾಗಾಗಿ ಬೇಸ್‌ಗೂ ಹಲಸೇ ನಾದ’ ಎಂಬ ಮಾತು ಕೇಳಿಬರುತ್ತದೆ. ಚಿಕ್ಕಬಳ್ಳಾಪುರದ ಪಕ್ಕದ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನಿಂದ ವೀಣೆ ಮಾಡುವುದು ನಿಜ. ಆದರೆ ವೀಣೆಯ ಕೊಡ ಟೊಳ್ಳು, ಅದರ ತೆಳು ಮುಚ್ಚಳವೇ ಗಾಳಿಯನ್ನು ನಡುಗಿಸಿ ಸದ್ದು ಕೊಡುತ್ತದೆ. ಗಟ್ಟಿ ಬಾಡಿಯ ಬೇಸ್‌ನಲ್ಲಿ ಆ ಕೆಲಸವೇ ಇಲ್ಲ. ಬೇಸ್‌ಗೆ ಹಲಸು ಒಪ್ಪುವುದು ಅದರ ಹದವಾದ ತೂಕಕ್ಕೆ, ಬಣ್ಣಕ್ಕೆ.

ಹಂತ 1: ತೂಗಿ

ಬಾಡಿಗೆ 52 ಸೆಂ.ಮೀ. ಉದ್ದ, 36 ಸೆಂ.ಮೀ. ಅಗಲ, 4.5 ಸೆಂ.ಮೀ. ದಪ್ಪದ ಹಲಗೆ ಬೇಕು. ಒಂದೇ ಅಗಲದ ಹಲಗೆ ಸಿಗದಿದ್ದರೆ 18 ಸೆಂ.ಮೀ. ಅಗಲದ ಎರಡನ್ನು ಜೋಡಿಸಿ; ಬೆಸುಗೆ ಸರಿಯಿದ್ದರೆ ನಾದಕ್ಕೆ ಏನೂ ಆಗದು. ಉದ್ದ, ಅಗಲ, ದಪ್ಪ ಗುಣಿಸಿ ಸಾವಿರದಿಂದ ಭಾಗಿಸಿದರೆ ಗಾತ್ರ ಲೀಟರಿನಲ್ಲಿ ಬರುತ್ತದೆ. ಈ ಹಲಗೆ 8.4 ಲೀಟರ್. ತೂಕ 4.9 ಕೆ.ಜಿ. ಇದ್ದರೆ ಲೀಟರಿಗೆ 0.58 ಕೆ.ಜಿ. ಆಯಿತು. ಆಕಾರ ಕೊಯ್ದು, ಪಿಕಪ್ ಗುಂಡಿ ತೋಡಿದ ಮೇಲೆ ಉಳಿಯುವುದು ಸುಮಾರು 5 ಲೀಟರ್ ಮರ, ಎಂದರೆ 2.9 ಕೆ.ಜಿ. ನೆಕ್, ಶ್ರುತಿ ಹಿಡಿಯುವ ಕಿವಿ, ಬಾಡಿಯ ಮೇಲೆ ತಂತಿಯ ತುದಿ ಹಿಡಿಯುವ ಬ್ರಿಜ್, ಪಿಕಪ್ ಸೇರಿದರೆ ಇಡೀ ಬೇಸ್ ನಾಲ್ಕೂವರೆ ಕೆ.ಜಿ. ಸುತ್ತ ನಿಲ್ಲುತ್ತದೆ.

ಒಣಗಿದ ಹಲಸು ಲೀಟರಿಗೆ 0.55ರಿಂದ 0.6, ತೇಗ 0.65ರ ಆಸುಪಾಸು, ಸಿಲ್ವರ್ ಓಕ್ 0.6, ಬೇವು 0.7 ಅಥವಾ ಅದಕ್ಕೂ ಹೆಚ್ಚು ತೂಗುತ್ತವೆ. ಹೋಲಿಕೆಗೆ, ಆಲ್ಡರ್ 0.45. ಒಂದೇ ಜಾತಿಯ ಎರಡು ಹಲಗೆಗಳ ನಡುವೆಯೂ ವ್ಯತ್ಯಾಸ ಇರುತ್ತದೆ, ಅದಕ್ಕೇ ತಕ್ಕಡಿ ಬೇಕು. ಬಾಡಿಗೆ 0.65 ದಾಟಿದ್ದನ್ನು ಬಿಟ್ಟುಬಿಡಿ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಮೂರು ಗಂಟೆ ನಿಂತು ನುಡಿಸುವವರ ಎಡ ಹೆಗಲಿಗೆ ಆ ಹೆಚ್ಚಿನ ಅರ್ಧ ಕಿಲೋ ಚೆನ್ನಾಗಿ ಗೊತ್ತಾಗುತ್ತದೆ. ಹೆಬ್ಬೇವಿನಂಥ ತೀರಾ ಹಗುರ ಮರದಲ್ಲಿ ತೊಂದರೆ ಬೇರೆ: ಸ್ಕ್ರೂ ಹಿಡಿತ ಬಿಡುತ್ತದೆ, ಕೈ ಬಿಟ್ಟ ಕೂಡಲೇ ನೆಕ್ ನೆಲದ ಕಡೆ ವಾಲುತ್ತದೆ.

ಹಂತ 2: ತಟ್ಟಿ

ಇದು ನೆಕ್‌ನ ಮರಕ್ಕೆ. ಹೋಲಿಸಬೇಕಾದ ಹಲಗೆಗಳು ಒಂದೇ ಅಳತೆಯಲ್ಲಿರಲಿ, ಉದಾಹರಣೆಗೆ 90 ಸೆಂ.ಮೀ. ಉದ್ದ, 25 ಮಿ.ಮೀ. ದಪ್ಪ. ತುದಿಯಿಂದ 20 ಸೆಂ.ಮೀ. ಒಳಗೆ ಎರಡು ಬೆರಳಲ್ಲಿ ಹಗುರವಾಗಿ ಹಿಡಿದು ತೂಗುಬಿಡಿ, ನಡುವೆ ಬೆರಳ ಗೆಣ್ಣಿನಿಂದ ತಟ್ಟಿ. ಹಿಡಿಯುವ ಜಾಗ ಮುಖ್ಯ: ಹಲಗೆ ನಡುಗುವಾಗ ಅಲುಗದೆ ನಿಲ್ಲುವ ಗೆರೆ ಅಲ್ಲಿದೆ, ಬೇರೆಲ್ಲಿ ಹಿಡಿದರೂ ನಿಮ್ಮ ಬೆರಳೇ ಸದ್ದನ್ನು ನುಂಗಿಬಿಡುತ್ತದೆ. ಮೊಬೈಲಿನ ಟ್ಯೂನರ್ ಆ್ಯಪ್ ಆ ಸ್ವರವನ್ನು ತೋರಿಸುತ್ತದೆ. ಒಳ್ಳೆಯ ಮೇಪಲ್ ಈ ಅಳತೆಯಲ್ಲಿ 130 ಹರ್ಟ್ಸ್ ಆಸುಪಾಸು ಕೊಡುತ್ತದೆ, ಒಳ್ಳೆಯ ತೇಗವೂ ಅಷ್ಟೇ. ಸಿಲ್ವರ್ ಓಕ್ ಅದಕ್ಕಿಂತ ಕೆಳಗಿರುತ್ತದೆ. ಸ್ವರ ಮೇಲಿದ್ದಷ್ಟೂ ತೂಕಕ್ಕೆ ತಕ್ಕ ಗಡಸುತನ ಹೆಚ್ಚು. ಠಣ್ಣೆನ್ನದೆ ‘ಡಬ್’ ಎಂದು ಸತ್ತರೆ ಒಳಗೆ ಸೀಳು ಇರಬಹುದು, ಇಲ್ಲವೇ ಮರ ಇನ್ನೂ ಹಸಿ.

ಹಂತ 3: ಒಣಗಿಸಿ

ತೇವ ಶೇ 8ರಿಂದ 12ರ ಒಳಗಿರಬೇಕು. ಮೀಟರ್ ಇಲ್ಲದಿದ್ದರೆ ಹಲಗೆಯನ್ನು ವಾರಕ್ಕೊಮ್ಮೆ ತೂಗಿ ಬರೆದಿಡಿ. ಮೂರ್ನಾಲ್ಕು ವಾರ ತೂಕ ಇಳಿಯದೆ ನಿಂತರೆ ಮರ ಹದಕ್ಕೆ ಬಂದಿದೆ. ಹೊಸದಾಗಿ ಕೊಯ್ದ ಎರಡಿಂಚಿನ ಹಲಸಿಗೆ ನೆರಳಲ್ಲಿ ಎರಡು ವರ್ಷವಾದರೂ ಬೇಕು. ಹಲಗೆಗಳ ನಡುವೆ ರೀಪರ್ ಕೊಟ್ಟು ಜೋಡಿಸಿ, ಎರಡೂ ತುದಿಗೆ ಮೇಣ ಅಥವಾ ಪೇಂಟ್ ಬಳಿಯಿರಿ. ಬಳಿಯದಿದ್ದರೆ ತುದಿ ಮೊದಲು ಒಣಗಿ ಸೀಳುತ್ತದೆ. ಅವಸರ ಇರುವವರು ಹಳೇ ಮನೆ ಕೆಡವಿದಾಗ ಸಿಗುವ ತೊಲೆ, ಬಾಗಿಲ ಚೌಕಟ್ಟು ಕೊಳ್ಳುವುದು ಜಾಣತನ. ಕೊಯ್ಯುವ ಮುನ್ನ ಮೊಳೆಗಳನ್ನು ಕಿತ್ತುಹಾಕಿ.

ಹಲಸು, ಮಾವು ಎರಡರಲ್ಲೂ ಚೇಗನ್ನೇ, ಎಂದರೆ ಒಳಗಿನ ಗಟ್ಟಿ ಭಾಗವನ್ನೇ ಕೇಳಿ. ಹೊರಗಿನ ಬಿಳಿ ಭಾಗಕ್ಕೆ ಕುಟ್ಟೆ ಹಿಡಿಯುತ್ತದೆ. ಮಾವಿನ ಮರದಲ್ಲಿ ಕಪ್ಪು ಗೆರೆಗಳು ಹರಡಿ ನೋಡಲು ಬಹಳ ಸೊಗಸಾಗಿರುತ್ತವೆ, ಆದರೆ ಅವು ಶಿಲೀಂಧ್ರದ ಗುರುತು. ಉಗುರು ಒತ್ತಿದರೆ ಗುಳಿ ಬೀಳುವ ಜಾಗವಿದ್ದರೆ ಅದು ಬಾಡಿಯ ಮೇಲ್ಪದರಕ್ಕೆ ಅಲಂಕಾರವಾಗಿ ಅಂಟಿಸಲು ಸಾಕು, ಅಷ್ಟೇ.

ನೆಕ್: ಅವಸರ ಬೇಡ

ನಾಲ್ಕು ತಂತಿಗಳ ಒಟ್ಟು ಎಳೆತ 70–80 ಕೆ.ಜಿ. ತೂಕಕ್ಕೆ ಸಮ, ಅದೂ ಹಗಲಿರುಳು. ಒಂದೇ ತುಂಡಿಗಿಂತ ಮೂರು ಪಟ್ಟಿಗಳ ನೆಕ್ ನೆಟ್ಟಗೆ ನಿಲ್ಲುತ್ತದೆ. ಅಕ್ಕಪಕ್ಕ ತೇಗ, ನಡುವೆ 6 ಮಿ.ಮೀ. ಬೀಟೆ ಇಟ್ಟರೆ ನೋಟಕ್ಕೂ ಚೆಂದ. ಪಟ್ಟಿಯ ಕೊಯ್ದ ತುದಿಯಲ್ಲಿ ಕಾಣುವ ಮರದ ಎಳೆಗಳು ನಿಂತಿರಲಿ, ಮಲಗಿರುವುದು ಬೇಡ. ಪಕ್ಕದಿಂದ ನೋಡಿದಾಗ ಎಳೆ ಒಂದು ಅಡಿಗೆ ಒಂದು ಸೆಂ.ಮೀ.ಗಿಂತ ಹೆಚ್ಚು ಓರೆಯಾಗಿ ಹೊರಗೆ ಓಡಿದ್ದರೆ ಆ ಪಟ್ಟಿಯನ್ನು ತೆಗೆದಿಡಿ. ಬಿದ್ದಾಗ ನೆಕ್ ಮುರಿಯುವುದು ಅಲ್ಲೇ.

ತೇಗದಲ್ಲಿ ಎಣ್ಣೆಯಂಶವಿದೆ, ಅಂಟು ಕೂರುವುದಿಲ್ಲ. ಜೋಡಿಸುವ ಮುಖವನ್ನು 120ರ ಉಪ್ಪುಕಾಗದದಿಂದ ಉಜ್ಜಿ, ಅಸಿಟೋನ್ ಹಾಕಿದ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಅಂಟು ಹಚ್ಚಿ. ಊಟ ಮುಗಿಸಿ ಬಂದು ಹಚ್ಚಿದರೆ ಅಷ್ಟರಲ್ಲಿ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ, ಬೆಸುಗೆ ಕೆಲವು ತಿಂಗಳಲ್ಲಿ ಬಿಡುತ್ತದೆ. ಕ್ಲಾಂಪ್ 24 ಗಂಟೆ ಇರಲಿ. ತೇಗದಲ್ಲಿ ಸಿಲಿಕಾ ಇರುವುದರಿಂದ ಹತ್ತರಿಯ ಅಲಗು ಬೇಗ ಮೊಂಡಾಗುತ್ತದೆ, ಆಗಾಗ ಸಾಣೆ ಹಿಡಿಯಬೇಕು. ನೆಕ್ ಒಳಗೆ ಎರಡೂ ಕಡೆ ತಿರುಗಿಸಬಹುದಾದ ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸುವ ಲೋಹದ ಕಂಬಿ) ಹಾಕಿ.

ಎಷ್ಟೇ ಚೆನ್ನಾಗಿ ಮಾಡಿದರೂ ಎಲ್ಲಕ್ಕಿಂತ ಸಣ್ಣದಾದ ಜಿ ತಂತಿಯಲ್ಲಿ ಐದರಿಂದ ಏಳನೇ ಫ್ರೆಟ್ (ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ) ಸುತ್ತ ಒಂದು ಸ್ವರ ಬೇಗ ಸಾಯುವುದುಂಟು. ನೆಕ್ ತಾನೇ ನಡುಗುವ ಸ್ವರಕ್ಕೂ ತಂತಿಯ ಸ್ವರಕ್ಕೂ ತಾಳೆ ಬಿದ್ದಾಗ ತಂತಿಯ ಶಕ್ತಿಯನ್ನು ನೆಕ್ ಹೀರಿಕೊಳ್ಳುತ್ತದೆ. ನೆಕ್‌ನ ತಲೆಗೆ ಇನ್ನೂರು ಗ್ರಾಂನ ಸಣ್ಣ ಸಿ-ಕ್ಲಾಂಪ್ ಕಚ್ಚಿಸಿ ನುಡಿಸಿ ನೋಡಿ: ಸಾಯುವ ಜಾಗ ಬೇರೆ ಫ್ರೆಟ್ಟಿಗೆ ಸರಿಯುತ್ತದೆ. ಕಾರಣ ನೆಕ್ಕೇ ಎಂದು ಇದರಿಂದ ಖಾತ್ರಿಯಾಗುತ್ತದೆ, ಬಾಡಿಯ ಮರವನ್ನು ಬೈಯಬೇಕಿಲ್ಲ.

ನೆಕ್ ಮೇಲೆ ಅಂಟಿಸಿ ಫ್ರೆಟ್ ಕೂರಿಸುವ ಹಲಗೆಗೆ, ಎಂದರೆ ಫ್ರೆಟ್ ಬೋರ್ಡ್‌ಗೆ, 6 ಮಿ.ಮೀ. ಬೀಟೆ ಸಾಕು. ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಹಾಗಾಗಿ ರಸೀದಿ ಇಲ್ಲದ ಮರ ಮುಟ್ಟಬೇಡಿ. ಹಳೇ ಮಂಚದ ಕಾಲು, ಕಪಾಟಿನ ಹಲಗೆ ಇದಕ್ಕೆ ತಕ್ಕವು. ಗಾಡಿಯ ಚಕ್ರಕ್ಕೆ ಬಳಸುತ್ತಿದ್ದ ಕರಿಜಾಲಿಯ ಚೇಗು ಕೂಡ ಸವೆಯದಷ್ಟು ಗಡಸು, ಆದರೆ ಪೂರ್ತಿ ಒಣಗಿರಲೇಬೇಕು. ಬೀಟೆಯ ಧೂಳು ಚರ್ಮಕ್ಕೂ ಉಸಿರಿಗೂ ಒಗ್ಗುವುದಿಲ್ಲ, ಮಾಸ್ಕ್ ಹಾಕಿ.

ಬಣ್ಣ ಮತ್ತು ಪಾಲಿಶ್

ಹೊಸದಾಗಿ ಹತ್ತರಿ ಹೊಡೆದ ಹಲಸು ಅರಿಸಿನದ ಹಳದಿ. ಬೆಳಕಿಗೆ ಬಿದ್ದಂತೆ ತಿಂಗಳುಗಳಲ್ಲಿ ಜೇನುಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ಹಳದಿಯನ್ನೇ ಉಳಿಸುತ್ತೇವೆಂದು ಗಿರಾಕಿಗೆ ಮಾತು ಕೊಡಬೇಡಿ, ಯು.ವಿ. ತಡೆಯುವ ಲ್ಯಾಕರ್ ಅದನ್ನು ನಿಧಾನ ಮಾಡುತ್ತದೆ ಅಷ್ಟೆ. ಗೀರು ತಡೆಯಲು ಬಾಡಿಯ ಮೇಲೆ ಹಾಕುವ ತಗಡಿನಂಥ ಪಿಕ್ ಗಾರ್ಡ್ ಕೆಳಗಿನ ಭಾಗ ಹಳದಿಯಾಗಿಯೇ ಉಳಿದು ಮುಂದೆ ಕಲೆಯಂತೆ ಕಾಣುವುದರಿಂದ, ಹಲಸಿನ ಬಾಡಿಗೆ ಪಿಕ್ ಗಾರ್ಡ್ ಹಾಕದಿರುವುದೇ ವಾಸಿ. ಹಲಸು, ತೇಗ ಎರಡರ ರಂಧ್ರಗಳೂ ದೊಡ್ಡವು. ಕನ್ನಡಿಯಂಥ ಹೊಳಪು ಬೇಕಿದ್ದರೆ ಫಿಲ್ಲರ್ ತುಂಬಿ, 220, ಆಮೇಲೆ 320ರ ಕಾಗದದಲ್ಲಿ ಉಜ್ಜಿ. ಬೀಟೆಯ ಮೇಲೆ ನೇರವಾಗಿ ಪಿ.ಯು. (ಪಾಲಿಯುರೆಥೇನ್) ಪಾಲಿಶ್ ಹೊಡೆದರೆ ಅದರ ಎಣ್ಣೆಯಿಂದ ಪಾಲಿಶ್ ಒಣಗದೆ ಅಂಟಂಟಾಗಿ ಉಳಿಯಬಹುದು. ಮೊದಲು ಎರಡು ಕೋಟ್ ಮೇಣ ತೆಗೆದ ಅರಗಿನ ಪಾಲಿಶ್ ಕೊಟ್ಟು, ಅದು ಒಣಗಿದ ಮೇಲೆ ಪಿ.ಯು. ಹೊಡೆಯಿರಿ.

ಮಳೆಗಾಲದಲ್ಲಿ ಮಾಡಿದ ಬೇಸ್‌ನ ಫ್ರೆಟ್ ತುದಿಗಳು ಮಾರ್ಚ್ ಹೊತ್ತಿಗೆ ಅಂಗೈಗೆ ಚುಚ್ಚತೊಡಗುತ್ತವೆ. ಪಾವಗಡ, ಬಾಗೇಪಲ್ಲಿಯಂಥ ಒಣ ಸೀಮೆಯಲ್ಲಿ ಇದು ಹೆಚ್ಚು. ಮರ ಅಡ್ಡಕ್ಕೆ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಬೋರ್ಡಿನ ಅಂಚಿಗೆ ಟೇಪ್ ಹಚ್ಚಿ ಸಣ್ಣ ಅರದಿಂದ ತುದಿಗಳನ್ನು ಓರೆಯಾಗಿ ಉಜ್ಜಿ. ಈ ಕೆಲಸವನ್ನು ಬೇಸಿಗೆಯಲ್ಲೇ ಮಾಡಿ ಮುಗಿಸಿದರೆ ಮತ್ತೆ ಮಾಡಬೇಕಾಗಿ ಬರುವುದು ಕಡಿಮೆ.