ಜೈಲಿನಲ್ಲಿರುವ ಪತ್ರಕರ್ತರಿಗೆ ಪತ್ರ ಬರೆಯುವುದು ಹೇಗೆ

ಮರಿಯಾ ಪೊನೊಮರೆಂಕೊ ಸೈಬೀರಿಯಾದ ಬರ್ನೌಲ್ ಊರಿನ ಪತ್ರಕರ್ತೆ, ಇಬ್ಬರು ಹೆಣ್ಣುಮಕ್ಕಳ ತಾಯಿ. 2022ರ ಮಾರ್ಚ್‌ನಲ್ಲಿ ಉಕ್ರೇನಿನ ಮರಿಯುಪೋಲ್ ನಾಟಕಶಾಲೆಯಲ್ಲಿ ಜನ ಅಡಗಿ ಕೂತಿದ್ದಾಗ ಅದರ ಮೇಲೆ ರಷ್ಯಾದ ಬಾಂಬ್ ಬಿತ್ತು. ಅದರ ಬಗ್ಗೆ ಟೆಲಿಗ್ರಾಂನಲ್ಲಿ ಒಂದು ಪೋಸ್ಟ್ ಹಾಕಿದ್ದಕ್ಕೆ ಇವರಿಗೆ 6 ವರ್ಷ ಜೈಲು. ರಷ್ಯಾದ ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದರೆ 15 ವರ್ಷದವರೆಗೂ ಒಳಗೆ ಹಾಕಬಹುದು ಅನ್ನುವ ಕಾನೂನನ್ನು ಯುದ್ಧ ಶುರುವಾದ ಎರಡೇ ವಾರದೊಳಗೆ ತಂದಿದ್ದರು. 2024ರ ಡಿಸೆಂಬರ್ 1ರ ಲೆಕ್ಕದಂತೆ ಜಗತ್ತಿನಲ್ಲಿ 361 ಪತ್ರಕರ್ತರು ಜೈಲಿನಲ್ಲಿದ್ದರು, ಅದರಲ್ಲಿ 30 ಜನ ರಷ್ಯಾದಲ್ಲಿ. ಇದು ಪತ್ರಕರ್ತರ ರಕ್ಷಣೆಗೆ ದುಡಿಯುವ ಸಿಪಿಜೆ ಅನ್ನುವ ಸಂಸ್ಥೆ ಪ್ರತಿ ವರ್ಷ ಹೆಸರು ಸಮೇತ ಮಾಡುವ ಲೆಕ್ಕ.

ಇಲ್ಲಿ ಕೂತು ನಾವೇನು ಮಾಡೋಕಾಗುತ್ತೆ ಅಂತ ಕೇಳುವವರು ಜಾಸ್ತಿ. ಒಂದು ಪತ್ರ ಬರೆಯಬಹುದು. ಹೇಗೆ ಅಂತ ಹೇಳ್ತೀನಿ.

ಮೊದಲು ವಿಳಾಸ. ರಷ್ಯಾದಲ್ಲಿ ಕೈದಿಗಳನ್ನು ಒಂದು ಜೈಲಿಂದ ಇನ್ನೊಂದಕ್ಕೆ ಸಾಗಿಸುತ್ತಲೇ ಇರುತ್ತಾರೆ, ಹಾಗೆ ಸಾಗಿಸುವಾಗ ವಾರಗಟ್ಟಲೆ ಮನೆಯವರಿಗೂ ಎಲ್ಲಿದ್ದಾರೆ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಹಳೇ ಸುದ್ದಿಯಲ್ಲಿ ಸಿಕ್ಕ ವಿಳಾಸ ನಂಬಬೇಡಿ. ಓವಿಡಿ-ಇನ್ಫೋ, ಮೆಮೋರಿಯಲ್‌ನಂಥ ಮಾನವ ಹಕ್ಕು ಗುಂಪುಗಳ ಪಟ್ಟಿಯಲ್ಲಿ ಈಗಿನದ್ದನ್ನು ನೋಡಿಕೊಳ್ಳಿ. ಹೆಸರು, ತಂದೆಯ ಹೆಸರಿನಿಂದ ಬಂದ ಮಧ್ಯದ ಹೆಸರು, ಮನೆತನದ ಹೆಸರು, ಹುಟ್ಟಿದ ವರ್ಷ, ಎಲ್ಲವನ್ನೂ ರಷ್ಯನ್ ಲಿಪಿಯಲ್ಲೇ ಬರೆಯಿರಿ. ಪಟ್ಟಿಯಿಂದ ಪ್ರಿಂಟ್ ತೆಗೆದು ಕವರಿಗೆ ಅಂಟಿಸಿದರೂ ಸರಿ. ‘ರಷ್ಯಾ’ ಅನ್ನುವುದನ್ನು ಮಾತ್ರ ಇಂಗ್ಲಿಷಿನಲ್ಲೂ ಬರೆಯಿರಿ, ಇಲ್ಲಿನ ಪೋಸ್ಟ್ ಆಫೀಸಿಗೆ ಅದು ಬೇಕು.

ಪತ್ರವೂ ರಷ್ಯನ್ನಿನಲ್ಲೇ ಇರಬೇಕು. ಜೈಲಿನ ಸೆನ್ಸಾರ್ ಪ್ರತಿ ಸಾಲನ್ನೂ ಓದುತ್ತಾನೆ, ಅವನಿಗೆ ಅರ್ಥವಾಗದ ಭಾಷೆಯದ್ದು ಅಲ್ಲಿಗೇ ನಿಲ್ಲುತ್ತದೆ. ಅಮೆರಿಕದ ವರದಿಗಾರ ಇವಾನ್ ಗರ್ಷ್‌ಕೊವಿಚ್ 2023ರಲ್ಲಿ ಮಾಸ್ಕೋದ ಲೆಫೋರ್ಟೊವೊ ಜೈಲಿನಲ್ಲಿದ್ದಾಗ ಬೇರೆ ಬೇರೆ ದೇಶದವರು ಬರೆದ ಪತ್ರಗಳನ್ನೆಲ್ಲ ಅವರ ಗೆಳೆಯರು ರಷ್ಯನ್ನಿಗೆ ಅನುವಾದಿಸಿ ಕಳಿಸುತ್ತಿದ್ದರು. ನಮಗೆ ಅಂಥ ಗೆಳೆಯರಿಲ್ಲ, ಅನುವಾದದ ಆ್ಯಪ್ ಸಾಕು. ಚಿಕ್ಕ ಚಿಕ್ಕ ವಾಕ್ಯ ಬರೆಯಿರಿ, ಅನುವಾದವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿ, ಅರ್ಥ ಕೆಟ್ಟಿದ್ದರೆ ಆ ವಾಕ್ಯವನ್ನು ಇನ್ನೂ ಸರಳ ಮಾಡಿ.

ಏನು ಬರೆಯಬಾರದು ಅನ್ನುವುದು ಮುಖ್ಯ. ಯುದ್ಧ, ಅವರ ಕೇಸು, ಬೇರೆ ಕೈದಿಗಳ ಹೆಸರು, ಅಧಿಕಾರಿಗಳಿಗೆ ಬೈಗುಳ ಯಾವುದೂ ಬೇಡ. ಬರೆದರೆ ನಮಗೆ ಧೈರ್ಯ ತೋರಿಸಿದ ಖುಷಿ ಸಿಗಬಹುದು, ತೊಂದರೆ ಆಗುವುದು ಒಳಗಿರುವವರಿಗೆ. ‘ನಿಮ್ಮನ್ನು ಹೇಗೆ ನೋಡಿಕೊಳ್ಳುತ್ತಿದ್ದಾರೆ’ ಅಂತಲೂ ಕೇಳಬೇಡಿ, ಸೆನ್ಸಾರ್ ಮುಂದೆ ಅವರು ಅದಕ್ಕೆ ಉತ್ತರ ಕೊಡುವುದು ಹೇಗೆ? ಧೈರ್ಯದ ಉಪದೇಶವೂ ಬೇಡ.

ಹಾಗಾದರೆ ಏನು ಬರೆಯೋದು ಅಂತೀರಾ? ನಿಮ್ಮ ಮನೆ, ನಿಮ್ಮ ಊರು. ‘ಇವತ್ತು ಹಲಸಿನ ಹಣ್ಣು ಕೊಯ್ದೆವು. ಅಂಟು ಹಿಡಿಯಬಾರದು ಅಂತ ಮೊದಲು ಕೈಗೆ, ಚಾಕುವಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತೇವೆ. ಒಳಗೆ ಹಳದಿ ತೊಳೆ ಇರುತ್ತದೆ, ವಾಸನೆ ಪಕ್ಕದ ಮನೆಗೂ ಹೋಗುತ್ತದೆ. ಬೀಜವನ್ನು ಒಣಗಿಸಿ ಮಳೆಗಾಲದಲ್ಲಿ ಸಾರಿಗೆ ಹಾಕುತ್ತೇವೆ.’ ಹೀಗೆ. ದಿನವೂ ಅದೇ ಗೋಡೆ ನೋಡುವವರಿಗೆ ಇದು ನಿಜಕ್ಕೂ ಹೊಸ ಸುದ್ದಿ, ಅಲ್ವಾ? ಮಕ್ಕಳಿದ್ದರೆ ಒಂದು ಚಿತ್ರ ಬಿಡಿಸಲಿ, ಅದಕ್ಕೆ ಅನುವಾದ ಬೇಕಿಲ್ಲ. ಪತ್ರಕ್ಕೆ ತಾರೀಖು, ಪುಟಗಳಿಗೆ ನಂಬರ್ ಹಾಕಿ, ಆಗ ನಡುವೆ ಒಂದು ಹಾಳೆ ಮಾಯವಾದರೆ ಅವರಿಗೆ ಗೊತ್ತಾಗುತ್ತದೆ. ಉತ್ತರಕ್ಕೆ ಒಂದೆರಡು ಖಾಲಿ ಹಾಳೆ, ಒಂದು ಕವರ್ ಇಡಿ. ನಮ್ಮ ಸ್ಟಾಂಪ್ ಅಲ್ಲಿ ನಡೆಯಲ್ಲ, ಉತ್ತರದ ಕವರಿಗೆ ಅದನ್ನು ಅಂಟಿಸಬೇಡಿ.

ನಿಮ್ಮ ಕಡೆಯ ಹುಡುಗರು ರಷ್ಯಾದಲ್ಲಿ ಮೆಡಿಕಲ್ ಓದುತ್ತಿದ್ದರೆ ಅವರ ಕೈಯಲ್ಲಿ ಪತ್ರ ಕಳಿಸುವ ಯೋಚನೆ ಖಂಡಿತ ಬೇಡ, ಅವರಿಗೇ ತೊಂದರೆ ಆಗಬಹುದು. ನೀವೇ ಅಲ್ಲಿಗೆ ಹೋಗುವವರಿದ್ದರೂ ಪತ್ರ ಬರೆಯುವ ಮೊದಲು ಎರಡು ಸಲ ಯೋಚಿಸಿ.

ಉತ್ತರ ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಪಕ್ಕದ ಬೆಲಾರೂಸ್‌ನಲ್ಲಿ ರಾಜಕೀಯ ಕೈದಿಗಳ ಎದೆಗೆ ಹಳದಿ ಪಟ್ಟಿ ಹಚ್ಚುತ್ತಾರೆ, ಎಷ್ಟೋ ಜನರಿಗೆ ಹತ್ತಿರದ ಸಂಬಂಧಿಕರ ಪತ್ರ ಬಿಟ್ಟು ಬೇರೇನೂ ಕೊಡುವುದಿಲ್ಲ. ಆದರೂ ಕಳಿಸಿ. ಕೈದಿಗೆ ಕೊಡದಿದ್ದರೂ ಅದನ್ನು ಜೈಲಿನವರು ಬಿಚ್ಚಲೇಬೇಕು, ಈ ಮನುಷ್ಯನನ್ನು ದೂರದ ಯಾರೋ ವಿಚಾರಿಸುತ್ತಿದ್ದಾರೆ ಅನ್ನುವುದು ಅವರಿಗೆ ತಿಳಿಯಲೇಬೇಕು. ಒಂದೇ ಸಲಕ್ಕೆ ಬಿಡಬೇಡಿ, ಹಬ್ಬಕ್ಕೊಂದು ಕಾರ್ಡ್ ಆದರೂ ಹಾಕುತ್ತಿರಿ.

ಪತ್ರ ಹಾಕುವುದಕ್ಕೆ ವಿಳಾಸವೇ ಇಲ್ಲದವರೂ ಇದ್ದಾರೆ. ಆಫ್ರಿಕಾದ ಎರಿಟ್ರಿಯಾ ದೇಶದ ಪತ್ರಕರ್ತ ದಾವಿತ್ ಇಸಾಕ್ ಅವರನ್ನು 2001ರ ಸೆಪ್ಟೆಂಬರ್ 23ರಂದು ಹಿಡಿದುಕೊಂಡು ಹೋದರು, ವಿಚಾರಣೆಯೇ ಆಗಿಲ್ಲ. ಅಂಥವರ ವಿಷಯದಲ್ಲಿ ದೆಹಲಿಯಲ್ಲಿರುವ ಎರಿಟ್ರಿಯಾ ರಾಯಭಾರ ಕಚೇರಿಗೆ ಬರೆಯಿರಿ. ಇಂಗ್ಲಿಷಿನಲ್ಲಿ, ಮರ್ಯಾದೆಯಿಂದ, ಅರ್ಧ ಪುಟ ಸಾಕು: ದಾವಿತ್ ಎಲ್ಲಿದ್ದಾರೆ, ಬದುಕಿದ್ದಾರಾ, ಮನೆಯವರಿಗೆ ಯಾವಾಗ ತೋರಿಸುತ್ತೀರಿ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ, ಉತ್ತರ ಬರದಿದ್ದರೆ ಆ ರಸೀದಿಯ ನಂಬರ್ ಹಾಕಿ ಮತ್ತೆ ಬರೆಯಿರಿ.