ಜಿಪ್ಸಿಗೆ ಕೆಸರಿನ ಟೈರ್: 235 ಬಿಟ್ಟು 215 ಹಾಕಿದ ಲೆಕ್ಕ

ಸಕಲೇಶಪುರ ಕಡೆಯ ತೋಟದ ದಾರಿಗೆ ಮಾರುತಿ ಜಿಪ್ಸಿ ಕಿಂಗ್‌ಗೆ 215/75 ಆರ್15 (215 ಮಿ.ಮೀ. ಅಗಲ, 15 ಇಂಚಿನ ರಿಮ್) ಎಂಟಿ, ಅಂದರೆ ಕೆಸರಿನ ಟೈರ್, ಹಾಕ್ತೀನಿ ಅಂದಾಗ ಬಂದ ಬುದ್ಧಿಮಾತು ಎರಡೇ. ‘235 ಹಾಕಿ, ಅಗಲ ಇದ್ದಷ್ಟೂ ಹಿಡಿತ’ ಅಂತ ಕೆಲವರು. ‘ದುಡ್ಡು ದಂಡ, ಹಿಂದಿನ ಚಕ್ರಕ್ಕೆ ಚೈನ್ ಕಟ್ಟಿ’ ಅಂತ ಉಳಿದವರು. ಈಗ ಮೂರು ಮಳೆಗಾಲ ಕಳೆದಿದೆ. ಚೈನು ಚೀಲದಿಂದ ಹೊರಗೆ ಬಂದದ್ದು ಎರಡೇ ಸಲ.

ಅಂಗಡಿಗೆ ಹೋಗುವ ಮೊದಲು ಹಾರೆ ಹಿಡಿದು ದಾರಿಗೆ ಹೋಗಿ. ಜುಲೈ ಮಳೆಯಲ್ಲಿ ಗಾಡಿ ಹೂತುಕೊಳ್ಳುವ ಜಾಗದಲ್ಲೆಲ್ಲ ಚುಚ್ಚಿ ನೋಡಿ. ಒಂದು ಗೇಣು ಇಳಿದು ಟಣ್ ಅಂದರೆ ಕೆಳಗೆ ಜಂಬಿಟ್ಟಿಗೆ ಇದೆ. ಅಲ್ಲಿ ಮೇಲಿನ ಲೊಳೆ ಸೀಳಿ ತಳ ಮುಟ್ಟುವ, ಅಗಲ ಕಮ್ಮಿ ಇರುವ ಟೈರೇ ಬೇಕು. ಅಗಲದ್ದು ಲೊಳೆಯ ಮೇಲೇ ಜಾರಿಕೊಂಡು ಚರಂಡಿ ಕಡೆ ಹೋಗುತ್ತೆ. ನಾನು ಒಂಬತ್ತು ಕಡೆ ಚುಚ್ಚಿದ್ದೆ, ಏಳು ಕಡೆ ಟಣ್ ಅಂತು. ಮೊಣಕಾಲುದ್ದ ಇಳಿದರೂ ತಳ ಸಿಗದ ಹಡ್ಲು ಗದ್ದೆಯಲ್ಲಿ ಅಗಲದ ಟೈರು ತೇಲಿಸುತ್ತೆ, ಒಪ್ಪುತ್ತೇನೆ. ಆದರೆ ಅಂಥ ಕಡೆ ನನ್ನ ನಂಬಿಕೆ ಹಗ್ಗ ಸುತ್ತಿ ಗಾಡಿ ಎಳೆಯುವ ವಿಂಚ್ ಮೇಲೆ.

235ಕ್ಕೆ ಇನ್ನೂ ತಕರಾರುಗಳಿವೆ. ಜಿಪ್ಸಿಯ ಕಂಪನಿ ರಿಮ್ 5.5 ಇಂಚು, 235/75ಕ್ಕೆ ಕಡಿಮೆಯೆಂದರೂ 6 ಬೇಕು. ಹಳೇ ರಿಮ್ಮಿಗೇ ಹಾಕಿದರೆ ನಡುಭಾಗ ಉಬ್ಬಿ ಅಲ್ಲೇ ಸವೆಯುತ್ತೆ, ಗಾಳಿ ಇಳಿಸಿದಾಗ ಬೀಡ್ (ರಿಮ್ಮಿಗೆ ಕೂರುವ ಟೈರಿನ ಒಳ ಅಂಚು) ಬಿಡುವ ಭಯ ಬೇರೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಉಜ್ಜುತ್ತೆ. ಚಕ್ರ ತಿರುಗುವ ಮಿತಿ ಹಿಡಿಯುವ ಸ್ಟಾಪರ್ ಬೋಲ್ಟನ್ನು ಸ್ವಲ್ಪ ಹೊರಗೆ ತಿರುಗಿಸಿ ಉದ್ದ ಮಾಡಿದರೆ ಉಜ್ಜುವುದು ನಿಲ್ಲುತ್ತೆ, ಆದರೆ ತೋಟದ ತಿರುವಿನಲ್ಲಿ ಒಂದು ರಿವರ್ಸ್ ಹೆಚ್ಚಾಗುತ್ತೆ. ಎಲ್ಲಕ್ಕಿಂತ ಎತ್ತರದ ಲೆಕ್ಕ ನೋಡಿ: ಕಂಪನಿಯ 205/70 ಸುಮಾರು 668 ಮಿ.ಮೀ., 215/75 ಸುಮಾರು 703, 235/75 ಸುಮಾರು 733. ಅಂದರೆ 235ರಲ್ಲಿ ಗೇರಿಂಗ್ ಹತ್ತಿರ ಹತ್ತು ಪರ್ಸೆಂಟ್ ಎತ್ತರವಾಗುತ್ತೆ. 1.3 ಲೀಟರ್ ಪೆಟ್ರೋಲ್ ಇಂಜಿನ್ನು ಏರಿನಲ್ಲಿ ಅದನ್ನು ಹೊರುವುದಿಲ್ಲ, ಕ್ಲಚ್ ವಾಸನೆ ಬರುತ್ತೆ. 215ರಲ್ಲಿ ಐದು ಪರ್ಸೆಂಟ್. ಮೀಟರು 60 ತೋರಿಸಿದರೆ ಗಾಡಿ ಓಡುತ್ತಿರುವುದು 63, ಅಷ್ಟೆ.

ಹಾಳಾದ ದುಡ್ಡನ್ನೂ ಹೇಳಬೇಕು. ಮೊದಲು ಉಳಿತಾಯ ಅಂತ ಹಳೇ ಟೈರಿಗೇ ಬಟನ್ ಅಚ್ಚಿನ ಹೊಸ ರಬ್ಬರ್ ಪಟ್ಟಿ ಅಂಟಿಸುವ ರೀಸೋಲ್ ಹಾಕಿಸಿದ್ದೆ, ಒಂದಕ್ಕೆ ಎರಡೂವರೆ ಸಾವಿರದ ಹತ್ತಿರ. ಪೂರ್ತಿ ಗಾಳಿಯಲ್ಲಿ ಚೆನ್ನಾಗೇ ಇತ್ತು. 15 ಪಿಎಸ್‌ಐಗೆ ಇಳಿಸಿ ಓಡಿಸಿದಾಗ ಪಕ್ಕ ಮಡಚಿ ಮಡಚಿ ಬಿಸಿಯಾಗಿ, ನಾಲ್ಕು ಸಾವಿರ ಕಿ.ಮೀ. ಒಳಗೆ ಶೋಲ್ಡರ್ (ಅಚ್ಚಿನ ಹೊರ ಅಂಚು) ಹತ್ತಿರ ಪಟ್ಟಿ ಎದ್ದಿತು. ಎರಡನೇ ತಪ್ಪು, ಮುಂದೆ ಮಾತ್ರ ಹೊಸ ಎಂಟಿ, ಹಿಂದೆ ಹಳೇ 205. ಸುತ್ತಳತೆ ಬೇರೆ ಬೇರೆ ಆದ್ದರಿಂದ ಗಟ್ಟಿ ನೆಲದಲ್ಲಿ 4ಎಚ್ (ನಾಲ್ಕೂ ಚಕ್ರ ಎಳೆಯುವ ಗೇರು) ಹಾಕಿದರೆ ಟ್ರಾನ್ಸ್‌ಫರ್ ಕೇಸ್ (ಮುಂದಕ್ಕೂ ಹಿಂದಕ್ಕೂ ಎಳೆತ ಹಂಚುವ ಗೇರು ಪೆಟ್ಟಿಗೆ) ಬಿಗಿದುಕೊಂಡು, ಲಿವರ್ ಹೊರಗೇ ಬರಲಿಲ್ಲ. ರಿವರ್ಸ್ ಹತ್ತು ಅಡಿ ಹೋದ ಮೇಲೆ ಬಿಟ್ಟಿತು. ಸ್ಟೆಪ್ನಿ ಸೇರಿ ಐದೂ ಒಂದೇ ಅಳತೆ, ಒಂದೇ ಅಚ್ಚು ಬೇಕು. ಐದಕ್ಕೆ ಫಿಟ್ಟಿಂಗ್ ಸೇರಿ ನನಗೆ 48 ಸಾವಿರ ಚಿಲ್ಲರೆ ಆಯಿತು.

ಅಂಗಡಿಯಲ್ಲಿ ಹೆಸರು ನೋಡುವ ಮೊದಲು ಬೆರಳು ಇಟ್ಟು ನೋಡಿ. ಶೋಲ್ಡರ್‌ನ ಎರಡು ಕಟ್ಟೆಗಳ (ಉಬ್ಬಿದ ರಬ್ಬರ್ ತುಂಡುಗಳ) ನಡುವೆ ಎರಡು ಬೆರಳು ಸಲೀಸಾಗಿ ಕೂರಬೇಕು, ಆ ಸಂದು ಹೊರಗಿನ ಅಂಚಿಗೆ ಹೋಗುತ್ತಾ ಅಗಲವಾಗಬೇಕು. ಅಂಚಿನಲ್ಲೇ ಮುಚ್ಚಿಕೊಂಡಿದ್ದರೆ ನಮ್ಮ ಅಂಟುಮಣ್ಣು ಒಳಗೇ ಕೂತು, ಟೈರು ನುಣ್ಣಗಿನ ಉಂಡೆಯಾಗುತ್ತೆ. ಸಂದಿನ ತಳದಲ್ಲಿ ಕಲ್ಲು ಚಿಮ್ಮಿಸುವ ಸಣ್ಣ ಏಣುಗಳಿದ್ದರೆ ಒಳ್ಳೇದು. ಪಕ್ಕದಲ್ಲಿ ನಾಲ್ಕಂಕಿ ಓದಿ: 2319 ಅಂದರೆ 2019ರ 23ನೇ ವಾರ. ಈ ಅಳತೆಯ ಎಂಟಿ ಬೇಗ ಖರ್ಚಾಗಲ್ಲ, ಗೋಡೌನಿನಲ್ಲೇ ಹಳತಾಗಿರುತ್ತೆ. ಎರಡು ವರ್ಷ ದಾಟಿದ್ದರೆ ಚೌಕಾಸಿ ಮಾಡಿ, ನಾಲ್ಕು ದಾಟಿದ್ದರೆ ಬೇಡ.

ಗಾಳಿ: ಟಾರಿನಲ್ಲಿ ಮುಂದೆ 24, ಹಿಂದೆ 26. ಕೆಸರಿಗೆ 15. ಟನ್ ಆಸುಪಾಸಿನ ಗಾಡಿ ಆದ್ದರಿಂದ ಸಾಕು; ಥಾರ್‌ನವರು ಇದೇ ಅಂಕಿ ನಕಲು ಮಾಡಬೇಡಿ, 18ರಿಂದ ಶುರು ಮಾಡಿ. 12ಕ್ಕಿಂತ ಕೆಳಗೆ ಬೀಡ್‌ಲಾಕ್ (ಬೀಡನ್ನು ರಿಮ್ಮಿಗೆ ಬಿಗಿಹಿಡಿಯುವ ಬಳೆ) ಇಲ್ಲದೆ ಹೋಗಬಾರದು. ಟ್ಯೂಬ್ ಇದ್ದರೆ 15 ಕೂಡ ಬೇಡ, ಟೈರು ರಿಮ್ಮಿನಲ್ಲಿ ಜಾರಿ ಟ್ಯೂಬಿನ ವಾಲ್ವ್ ಬುಡವೇ ಕಿತ್ತುಬರುತ್ತೆ. ಟಾರಿನ ಗಾಳಿ ಸರಿಯೇ ಅಂತ ನೋಡಲು ಕಟ್ಟೆಗಳ ಮೇಲೆ ಅಡ್ಡಕ್ಕೆ ಸೀಮೆಸುಣ್ಣ ಎಳೆದು ಒಣ ರಸ್ತೆಯಲ್ಲಿ ಅರ್ಧ ಕಿ.ಮೀ. ಓಡಿಸಿ. ನಡುವೆ ಮಾತ್ರ ಅಳಿಸಿದರೆ ಗಾಳಿ ಜಾಸ್ತಿ, ಅಂಚು ಮಾತ್ರ ಅಳಿಸಿದರೆ ಕಮ್ಮಿ.

ಹಳೇ ಟೈರಿನ ಮೇಲೆ ಬಿಸಿ ಬ್ಲೇಡಿನಿಂದ ಸಂದು ಕೊಯ್ದೂ ನೋಡಿದೆ. ಮಣ್ಣು ಚೆನ್ನಾಗಿ ಉದುರಿತು, ಆದರೆ ಆಳ ಕೊಯ್ದ ಕಟ್ಟೆಗಳು ಕಲ್ಲಿಗೆ ಸಿಕ್ಕಿ ಚೂರಾದವು. ಟೈರಿನ ಒಳಗಿನ ತಂತಿಯ ಮೇಲೆ 3 ಮಿ.ಮೀ. ರಬ್ಬರ್ ಬಿಡಲೇಬೇಕು. ಈಗಿನ ಎಂಟಿಯ ನಡು ಕಟ್ಟೆಗಳಿಗೂ ಸಣ್ಣ ಸೀಳು ಹಾಕಿದ್ದೇನೆ. ಯಾವ ಕೋನ, ಎಷ್ಟು ಅಂತರ ಅಂತ ಹೇಳಲ್ಲ, ಅದಕ್ಕೆ ಒಂದು ಟೈರು ಬಲಿಯಾಗಿದೆ.

ಆ ಸೀಳು ಹಾಕಿದ್ದು ಕೆಸರಿಗಲ್ಲ, ಒದ್ದೆ ಟಾರಿಗೆ. ಶಿರಾಡಿ ಘಾಟಿಯಲ್ಲಿ ಮಳೆ ಬರುವಾಗ ಎಂಟಿಯ ದಪ್ಪ ಕಟ್ಟೆಗಳು ಬ್ರೇಕಿಗೆ ಸರಿಯಾಗಿ ಕಚ್ಚಲ್ಲ. ಸೀಳು ಹಾಕಿದ ಮೇಲೂ ಮುಂದಿನ ಲಾರಿಗೆ ಮೊದಲಿನ ಎರಡರಷ್ಟು ದೂರ ಬಿಡುತ್ತೇನೆ. ಐದು ಸಾವಿರ ಕಿ.ಮೀ.ಗೊಮ್ಮೆ ಸ್ಟೆಪ್ನಿಯನ್ನೂ ಸೇರಿಸಿ ಚಕ್ರ ಬದಲಿಸುತ್ತೇನೆ, ಒಮ್ಮೆ ತಪ್ಪಿಸಿದ್ದಕ್ಕೆ ಮುಂದಿನ ಎರಡು ಗರಗಸದ ಹಲ್ಲಿನಂತೆ ಸವೆದು ಇವತ್ತಿಗೂ ಗುಂಯ್‌ಗುಟ್ಟುತ್ತಿವೆ.